ಚೆಲ್ಲಿದ ಬಣ್ಣಕ್ಕೂ ಒಂದು ಲೆಕ್ಕ

ಬಣ್ಣ ಚೆಲ್ಲಿದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಸಿಗುವುದು ಬೈಗುಳ, ಜತೆಗೊಂದು ನೆಲ ಒರೆಸುವ ಬಟ್ಟೆ. ಬೇಕೆಂದೇ ಬಣ್ಣ ಸುರಿದು ಚಿತ್ರ ಮಾಡುವ ಕಲೆಯೂ ಇದೆ ಎಂದರೆ ತಾಯಂದಿರು ನಂಬಲಾರರು. ಇದಕ್ಕೆ ಕುಂಚ ಬೇಡ. ತೆಳು ಮಾಡಿದ ಅಕ್ರಿಲಿಕ್ ಬಣ್ಣಗಳನ್ನು ರಟ್ಟಿನ ಮೇಲೆ ಒಂದರ ಮೇಲೊಂದು ಸುರಿದು, ರಟ್ಟನ್ನು ಮೆಲ್ಲಗೆ ಆಚೀಚೆ ವಾಲಿಸಿದರಾಯಿತು. ಉಳಿದದ್ದನ್ನು ಬಣ್ಣವೇ ನೋಡಿಕೊಳ್ಳುತ್ತದೆ.

ಹರಿಯುವ ಬಣ್ಣದ ಚೆಲುವನ್ನು ನಮ್ಮ ನಾಡು ಹಿಂದೆಯೇ ಕಂಡಿತ್ತು. 17ನೇ ಶತಮಾನದಲ್ಲಿ, ಆದಿಲ್‌ಶಾಹಿಗಳ ಬಿಜಾಪುರದ ಕಲಾವಿದರು ದ್ರವದ ಮೇಲೆ ಬಣ್ಣ ತೇಲಿಬಿಟ್ಟು ಅದನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. ಆ ವಿದ್ಯೆಗೆ ‘ಅಬ್ರಿ’ ಎಂದು ಹೆಸರು. ಪಾರಸಿಯಲ್ಲಿ ‘ಅಬ್ರ್’ ಎಂದರೆ ಮೋಡ. ಸುಮಾರು 1625ರ, ಸಣಕಲು ಕುದುರೆ ಮತ್ತು ಸವಾರನ ಅಂಥದೊಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಬಣ್ಣದ ಮೇಲೆ ಬಣ್ಣ ಸುರಿಯುವ ಪ್ರಯೋಗವನ್ನು 1930ರ ದಶಕದಲ್ಲಿ ಮಾಡಿದವನು ಮೆಕ್ಸಿಕೊದ ಚಿತ್ರಕಾರ ಸಿಕೇರೊಸ್. ಅವನ ಚಿತ್ರಗಳಲ್ಲಿ ಜೇನುಗೂಡಿನಂಥ ಕಣ್ಣುಗಳು ಹೇಗೆ ಮೂಡಿದವೆಂದು ಅದೇ ದೇಶದ ಸಂಶೋಧಕರು 2015ರಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಕಾರಣ ಸರಳ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ಸುಮಾರು 4 ಪಟ್ಟು ಸಾಂದ್ರ. ಕಪ್ಪು ಬಣ್ಣದ ಕಾಡಿಗೆ 2 ಪಟ್ಟಿಗೂ ಕಡಿಮೆ. ಕಪ್ಪಿನ ಮೇಲೆ ಬಿಳಿ ಸುರಿದರೆ ಭಾರದ್ದು ಕೆಳಗಿಳಿಯಲು, ಹಗುರದ್ದು ಮೇಲೇರಲು ಹವಣಿಸುತ್ತದೆ. ಈ ನೂಕುನುಗ್ಗಲಿನಲ್ಲಿ ಕಣ್ಣುಗಳು ತೆರೆದುಕೊಳ್ಳುತ್ತವೆ. ಭೌತಶಾಸ್ತ್ರದಲ್ಲಿ ಇದಕ್ಕೆ ‘ರೇಲಿ-ಟೇಲರ್ ಅಸ್ಥಿರತೆ’ ಎನ್ನುತ್ತಾರೆ.

ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ, ಒಂದು ಬೇಸಿಗೆ ರಜೆಯಲ್ಲಿ ಐದಾರು ಮಕ್ಕಳು ಇದನ್ನು ಮಾಡಿದರು. ಎರಡು ಚಮಚ ಬಣ್ಣ, ಎರಡು ಚಮಚ ಬಿಳಿ ಗೋಂದು, ಜೋನಿಬೆಲ್ಲದಂತೆ ಎಳೆಯಾಗಿ ಬೀಳುವಷ್ಟು ನೀರು. ಕೆಳಗಿನ ಹಲಗೆ ಮಟ್ಟವಾಗಿದೆಯೇ ಎಂದು ಮೇಸ್ತ್ರಿಯ ರಸಮಟ್ಟದಿಂದ ನೋಡಿದೆವು. ಇಲ್ಲದಿದ್ದರೆ ಬಣ್ಣವೆಲ್ಲ ಒಂದೇ ಕಡೆಗೆ ಜಾರುತ್ತದೆ. ಅಂಗೈಯಗಲದ ರಟ್ಟುಗಳನ್ನು ಎರಡು ದಿನ ಒಣಗಿಸಿ ಸ್ಕೆಚ್ ಪುಸ್ತಕಕ್ಕೆ ಅಂಟಿಸಿದ್ದಾಯಿತು. ಅಕ್ರಿಲಿಕ್ ಒಣಗಿದ ಮೇಲೂ ಎದುರು ಪುಟಕ್ಕೆ ಕಚ್ಚಿಕೊಳ್ಳುವುದರಿಂದ ನಡುವೆ ಬೆಣ್ಣೆಕಾಗದ ಇಡಬೇಕು.

ನಿಜವಾದ ಕೆಲಸ ಶುರುವಾದದ್ದು ಜೋಡಿಸುವಾಗ. ಚಂದ ಕಂಡದ್ದನ್ನು ಮೊದಲ ಪುಟಕ್ಕೆ ಹಾಕುವುದು ಮಕ್ಕಳ ಆಸೆ. ‘ಏನನ್ನು ಬದಲಿಸಿದಿರೋ ಅದರ ಕ್ರಮದಲ್ಲಿ ಜೋಡಿಸಿ, ಪಕ್ಕದಲ್ಲಿ ಅಳತೆ, ತಾರೀಕು ಬರೆಯಿರಿ’ ಎಂದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ರಟ್ಟಿನಲ್ಲಿ ಕಪ್ಪಿನ ಮೇಲೆ ಬಿಳಿ ಸುರಿದಿದ್ದರೂ ಒಂದು ಕಣ್ಣೂ ಮೂಡಿರಲಿಲ್ಲ. ‘ಇದನ್ನು ಹರಿದುಬಿಡ್ತೀನಿ ಸಾರ್, ಅಮ್ಮ ನೋಡಿದರೆ ನಗ್ತಾರೆ’ ಎಂದಳು. ಅಂಟಿಸಿಯೇ ಬಿಡು ಎಂದೆ. ಎಲ್ಲವನ್ನೂ ಸಾಲಾಗಿ ಅಂಟಿಸಿದ ಮೇಲೆ ಅವಳಿಗೇ ಹೊಳೆಯಿತು: ಅವಳು ಹಾಕಿದ ನೀರು ಕಾಲು ಚಮಚ ಮಾತ್ರ. ಬಣ್ಣ ಗಟ್ಟಿಯಾಗಿತ್ತು, ಭಾರವಿದ್ದರೂ ಇಳಿಯುವಷ್ಟು ಹರಿವಿರಲಿಲ್ಲ. ಸ್ನಿಗ್ಧತೆ ಎಂದರೇನೆಂದು ಅಂದು ಅವಳಿಗೆ ನಾನು ಹೇಳಬೇಕಾಗಲಿಲ್ಲ. ಆ ರಟ್ಟನ್ನು ಹರಿದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಇದನ್ನು ಹೇಳಲು ಕಾರಣವುಂಟು. ಪ್ರಯೋಗಾಲಯದ ರೆಕಾರ್ಡ್ ಪುಸ್ತಕಗಳಲ್ಲಿ ಎಲ್ಲರ ಉತ್ತರವೂ ಸರಿಯಾಗಿರುತ್ತದೆ, ಏಕೆಂದರೆ ಬಹುಪಾಲು ಮಕ್ಕಳು ಬರಬೇಕಾದ ಉತ್ತರವನ್ನು ನಕಲು ಮಾಡುತ್ತಾರೆ. ಅಂಕಕ್ಕೆ ಹೆದರಿದ ಮಕ್ಕಳನ್ನು ದೂರಿ ಫಲವಿಲ್ಲ. ಆದರೆ ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ಎಲ್ಲಾದರೂ ಒಂದು ಕಡೆ ಆಗಬೇಕಲ್ಲ! ಅಂಕವಿಲ್ಲದ ಸ್ಕೆಚ್ ಪುಸ್ತಕ ಅದಕ್ಕೆ ತಕ್ಕ ಜಾಗ.

ಮಕ್ಕಳಿಗೊಂದು ಕಿವಿಮಾತು. ಅಕ್ರಿಲಿಕ್ ಎಂದರೆ ಒಂದು ಬಗೆಯ ಪ್ಲಾಸ್ಟಿಕ್ಕೇ. ಉಳಿದ ಬಣ್ಣವನ್ನು ಚರಂಡಿಗೆ ಸುರಿಯಬೇಡಿ. ನಮ್ಮ ರಾಜಕಾಲುವೆಗಳೆಲ್ಲ ಕೆರೆಗೇ ಹೋಗುತ್ತವೆ. ಲೋಟದಲ್ಲೇ ಒಣಗಲು ಬಿಟ್ಟು, ಸಿಪ್ಪೆಯಂತೆ ಸುಲಿದು ಒಣಕಸಕ್ಕೆ ಹಾಕಿ.

ಪಾಲಕರಲ್ಲಿ ಒಂದು ವಿನಂತಿ. ಮಗು ಪುಸ್ತಕ ತಂದು ತೋರಿಸಿದಾಗ ‘ಯಾವುದು ಚೆನ್ನಾಗಿದೆ?’ ಎನ್ನುವ ಮೊದಲು ‘ಇದಕ್ಕೂ ಅದಕ್ಕೂ ಏನು ಬದಲಿಸಿದೆ?’ ಎಂದು ಕೇಳಿ. ಕೆಟ್ಟುಹೋದ ಪುಟದ ಬಗ್ಗೆಯೇ ಮಗು ಹೆಚ್ಚು ಮಾತಾಡೀತು. ಕೂತು ಕೇಳುವ ಪುರುಸೊತ್ತು ನಮಗಿರಬೇಕು.