ಹಳೆಯ ರಸ್ತೆಯೊಳಗಿನ ಹೊಸ ರಸ್ತೆ

ಹಳೆಯ ಮನೆಯನ್ನು ಕೆಡವುವಾಗ ತೊಲೆ, ಕಂಬ, ಬಾಗಿಲುಗಳನ್ನು ಜೋಪಾನವಾಗಿ ಬಿಚ್ಚಿಟ್ಟು ಹೊಸ ಮನೆಗೆ ಬಳಸುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ರಸ್ತೆಯ ವಿಷಯದಲ್ಲಿ ಮಾತ್ರ ಈ ವಿವೇಕ ತಡವಾಗಿ ಬಂದಿತು. ಹೊಂಡವನ್ನು ಮುಚ್ಚುವುದು, ಬಿರುಕಿನ ಮೇಲೊಂದು ಡಾಂಬರಿನ ಪದರ ಹೊದಿಸುವುದು, ಇಷ್ಟೇ ದುರಸ್ತಿಯೆಂದು ಬಹುಕಾಲ ನಂಬಿದ್ದೆವು. ಆದರೆ ತಳದ ಬಿರುಕು ಹೊಸ ಪದರವನ್ನೂ ಸೀಳಿಕೊಂಡು ಮೇಲೇರುತ್ತದೆ. ಅದರೊಳಗೆ ಇಳಿದ ನೀರು ಬುನಾದಿಯನ್ನೇ ಮೆತ್ತಗಾಗಿಸುತ್ತದೆ.

ಹಳೆಯ ರಸ್ತೆಯ ಜಲ್ಲಿ ಬಹುಪಾಲು ಗಟ್ಟಿಯಾಗಿಯೇ ಉಳಿದಿರುತ್ತದೆ. ಗಾಳಿ ಬಿಸಿಲುಗಳಿಗೆ ಸಿಕ್ಕಿ ಪೆಡಸಾಗುವುದು ಅದನ್ನು ಹಿಡಿದಿಟ್ಟ ಡಾಂಬರು. ಈ ಸತ್ಯವೇ ರಸ್ತೆಯ ಮರುಬಳಕೆಗೆ ಮೂಲ. ಹಲ್ಲುಗಳುಳ್ಳ ಉರುಳೆಯ ಯಂತ್ರವೊಂದು ರಸ್ತೆಯನ್ನು ಅಗೆದು ಪುಡಿಮಾಡುತ್ತದೆ. ಅಲ್ಲಿಯೇ ಹೊಸ ಅಂಟನ್ನು ಬೆರೆಸಿ, ಹರಡಿ, ರೋಲರಿನಿಂದ ಅದುಮುತ್ತಾರೆ. ಆ ಅಂಟು ಅನೇಕ ವೇಳೆ ನೊರೆಯಾದ ಡಾಂಬರು. ಕುದಿಯುವ ಡಾಂಬರಿಗೆ ತುಸು ತಣ್ಣೀರು ತಾಗಿದೊಡನೆ ಅದು ನೊರೆಯಾಗಿ ಹಲವು ಪಟ್ಟು ಉಬ್ಬುತ್ತದೆ. ಜಲ್ಲಿಯನ್ನು ಕಾಯಿಸುವ ಅಗತ್ಯವೇ ಬೀಳುವುದಿಲ್ಲ. 1956ರಲ್ಲಿ ಅಯೋವಾ ಸ್ಟೇಟ್‌ನ ಪ್ರಾಧ್ಯಾಪಕ ಲಾಡಿಸ್ ಚಾನ್ಯಿ ಈ ಉಪಾಯವನ್ನು ಹಬೆಯ ನೆರವಿನಿಂದ ಕಂಡುಹಿಡಿದರು. ತಣ್ಣೀರಿನ ಬಳಕೆ ಮುಂದೆ ಆಸ್ಟ್ರೇಲಿಯಾದಲ್ಲಿ ರೂಢಿಗೆ ಬಂದಿತು.

ಇಂಥ ಕೆಲಸ ಹಳ್ಳಿಯ ಹಾದಿಗಳಿಗಷ್ಟೇ ಸರಿ ಎಂಬ ಸಂದೇಹವಿತ್ತು. 2011ರಲ್ಲಿ ವರ್ಜೀನಿಯಾ ರಾಜ್ಯದ ಆಗಸ್ಟಾ ಕೌಂಟಿಯಲ್ಲಿ ಅದಕ್ಕೆ ಉತ್ತರ ದೊರೆಯಿತು. ಟ್ರಕ್ಕುಗಳು ಎಡೆಬಿಡದೆ ಓಡುವ 81ನೆಯ ಅಂತರರಾಜ್ಯ ಹೆದ್ದಾರಿಯ ಸುಮಾರು ಮೂರೂವರೆ ಮೈಲಿಗಿಂತ ತುಸು ಹೆಚ್ಚಿನ ಭಾಗವನ್ನು ಮರುಬಳಕೆಯಿಂದಲೇ ಕಟ್ಟಿದರು. ಎಡಗಡೆಯ ಪಥದಲ್ಲಿ 5 ಅಂಗುಲದಷ್ಟನ್ನು ಇದ್ದಲ್ಲಿಯೇ ನವೀಕರಿಸಿದರು. ಭಾರ ಹೊರುವ ಬಲಪಥದಲ್ಲಿ ಮೇಲಿನ ಡಾಂಬರನ್ನು ತೆಗೆದು, ತಳದ 12 ಅಂಗುಲವನ್ನು ಸ್ಥಳದಲ್ಲಿಯೇ ಬಲಪಡಿಸಿ, ತೆಗೆದದ್ದನ್ನು ಸಮೀಪದ ಘಟಕದಲ್ಲಿ ಹದಗೊಳಿಸಿ ಮತ್ತೆ ಹಾಸಿದರು. ಎರಡಕ್ಕೂ ಮೇಲೆ ಹೊಸ ಡಾಂಬರಿನ ಹೊದಿಕೆ.

ಈ ಸಂಗತಿ ನನ್ನನ್ನು ತಟ್ಟಿದ್ದು ಬೆಂಗಳೂರಿನ ಕಾರಣದಿಂದ. ಅಲ್ಲಿನ ಹಳೆಯ ಬಡಾವಣೆಗಳಲ್ಲಿ ಪದರದ ಮೇಲೆ ಪದರ ಬಿದ್ದು ರಸ್ತೆ ಏರುತ್ತ, ಮನೆಗಳ ಹೊಸ್ತಿಲು ತಗ್ಗಿಗೆ ಇಳಿದಿರುವುದನ್ನು ಕಂಡಿದ್ದೇನೆ. ಹಿಂದೆ ಮೆಟ್ಟಿಲು ಹತ್ತಿ ಒಳಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಜೋರು ಮಳೆ ಬಂದರೆ ಬೀದಿಯ ನೀರು ನಡುಮನೆಗೆ ಬರುತ್ತದೆ. ಅಗೆದು ಮರುಬಳಸಿದರೆ ರಸ್ತೆಯ ಮಟ್ಟವನ್ನು ಹಿಡಿತದಲ್ಲಿಡಬಹುದು, ಹೊಸ ಜಲ್ಲಿಗಾಗಿ ಗುಡ್ಡವನ್ನು ಸಿಡಿಸುವುದೂ ಕಡಿಮೆಯಾದೀತು. ಡಾಂಬರು ರಸ್ತೆಗಳ ಮರುಬಳಕೆಗೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಮಾರ್ಗಸೂಚಿಯನ್ನು ಹೊರತಂದಿದೆ.

ಇದು ಸರ್ವರೋಗಕ್ಕೂ ಮದ್ದಲ್ಲ. ಮೊದಲು ರಸ್ತೆಯನ್ನು ಕೊರೆದು ತಳವನ್ನು ಪರೀಕ್ಷಿಸಬೇಕು. ಚರಂಡಿ ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಆತುರಪಟ್ಟರೆ ಎಲ್ಲ ಶ್ರಮವೂ ನೀರುಪಾಲು. ಊರಿನ ಅಭಿವೃದ್ಧಿಗೆ ಕೈಜೋಡಿಸುವ ಹಂಬಲವುಳ್ಳ ಅನಿವಾಸಿ ಕನ್ನಡಿಗರು ನಾವು. ಮುಂದಿನ ಸಲ ತವರಿನ ಬೀದಿಯಲ್ಲಿ ಹೊಸ ಡಾಂಬರು ಮಿಂಚುತ್ತಿದ್ದರೆ, ಮೆಚ್ಚುವ ಮೊದಲು ಅದರಡಿಯಲ್ಲಿ ಏನಿದೆಯೆಂದು ವಿನಯದಿಂದ ವಿಚಾರಿಸೋಣ.