ಭಾಯಿ ಮಾಡಿದ ಸ್ಪನಕೋಪಿಟಾ

ಕಳೆದ ರಂಜಾನಿನಲ್ಲಿ ನನ್ನ ಭಾಯಿ ದುಬೈನಿಂದ ರಜೆಯ ಮೇಲೆ ಬಂದಿದ್ದ. ಮೂರು ವರ್ಷದ ಹಿಂದೆ ಅಬ್ಬಾಗೆ ಕಾಯಿಲೆಯಾದಾಗ ಬಿ.ಕಾಂ. ಅರ್ಧಕ್ಕೇ ಬಿಟ್ಟು ಹೋದವನು. "ಗ್ರೀಕ್ ಹೋಟೆಲೊಂದರಲ್ಲಿ ಲೆಕ್ಕ ಬರೆಯುವ ಕೆಲಸ" ಎಂದು ಹೇಳಿದ್ದ. ನನ್ನ ಕಾಲೇಜಿನ ಫೀಸು ಅವನ ದುಡ್ಡಿನಿಂದಲೇ ಕಟ್ಟುತ್ತಿದ್ದುದು. "ನಮ್ಮ ಮಗ ಆಫೀಸಿನಲ್ಲಿದ್ದಾನೆ" ಎಂದು ಅಮ್ಮಿ ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಇಫ್ತಾರಿಗೆಂದು ಅಮ್ಮಿ ಸಮೋಸಕ್ಕೆ ಕೂತರು. ಭಾಯಿ ತಡೆದು, "ಇವತ್ತು ನಾನು ಸ್ಪನಕೋಪಿಟಾ ಮಾಡ್ತೀನಿ" ಎಂದ. ನನಗೆ ನಗು ಬಂತು. ಗ್ರೀಕ್ ಭಾಷೆಯಲ್ಲಿ ಸ್ಪನಾಕಿ ಎಂದರೆ ಪಾಲಕ್. ಸೊಪ್ಪು ಮತ್ತು ಚೀಸನ್ನು ತೆಳು ಹಿಟ್ಟಿನ ಪದರಗಳ ನಡುವೆ ಇಟ್ಟು ಬೇಯಿಸುವ ತಿಂಡಿ ಅದು. ಬರೀ ಚೀಸ್ ಹಾಕಿದರೆ ಅದು ತಿರೋಪಿಟಾ.

ಅರ್ಧ ಕಿಲೋ ಪಾಲಕ್ ಹೆಚ್ಚಿ, ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟ. ಆಮೇಲೆ ಮುಷ್ಟಿಯಲ್ಲಿ ಹಿಡಿದು ನೀರೆಲ್ಲ ಹಿಂಡಿದ. "ನೀರು ಉಳಿದರೆ ತಳ ಮೆತ್ತಗಾಗುತ್ತೆ, ಇದೇ ಮುಖ್ಯ" ಎಂದ. ಎಳೆ ಈರುಳ್ಳಿ ಸೊಪ್ಪು ಸೇರಿಸಿದ. ಇನ್ನೊಂದು ಸೊಪ್ಪು ಕೈಗೆತ್ತಿಕೊಂಡಾಗ ನಾನು ಬೆರಗಾದೆ. ಅದು ನಾವು ಅಕ್ಕಿರೊಟ್ಟಿಗೆ ಹಾಕುವ ಸಬ್ಬಸಿಗೆ! ಗ್ರೀಸಿನವರೂ ಇದನ್ನೇ ಹಾಕುತ್ತಾರಂತೆ.

ಅಲ್ಲಿ ಬಳಸುವುದು ಫೆಟಾ ಚೀಸ್. ಕುರಿಯ ಹಾಲಿನಿಂದ, ಬೇಕಿದ್ದರೆ ಶೇಕಡಾ 30ರವರೆಗೆ ಮೇಕೆಯ ಹಾಲು ಬೆರೆಸಿ ಮಾಡಿ, ಉಪ್ಪುನೀರಿನಲ್ಲಿ ಇಡುತ್ತಾರೆ. "ಹಾಲು ಒಡೆಸೋಕೆ ಏನು ಹಾಕ್ತಾರೆ?" ಎಂದು ಅಮ್ಮಿ ಕೇಳಿದರು. ಅವರ ಅನುಮಾನ ಸರಿಯೇ. ಕೆಲವು ಚೀಸಿಗೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದಕ್ಕೇ ಭಾಯಿ ಮನೆಯಲ್ಲೇ ನಿಂಬೆರಸದಿಂದ ಒಡೆಸಿದ ಕಾಲು ಕಿಲೋ ಪನೀರಿಗೆ ಉಪ್ಪು, ಎರಡು ಚಮಚ ಮೊಸರು ಸೇರಿಸಿ ಪುಡಿ ಮಾಡಿದ. ಎರಡು ಮೊಟ್ಟೆ ಒಡೆದು ಹಾಕಿದ. ರೋಜಾ ಇದ್ದುದರಿಂದ ಯಾರೂ ರುಚಿ ನೋಡಲಿಲ್ಲ. ಅವನ ಕೈ ಅಳತೆಯನ್ನೇ ನಂಬಿದೆವು.

ಹಿಟ್ಟಿನ ಹಾಳೆಗೆ ಫಿಲೋ ಎನ್ನುತ್ತಾರೆ. ಹಾಗೆಂದರೆ ಎಲೆ. ಮೈದಾಕ್ಕೆ ಉಪ್ಪು, ಎಣ್ಣೆ, ಸ್ವಲ್ಪ ನಿಂಬೆರಸ ಹಾಕಿ ಕಲಸಿ ಅರ್ಧ ಗಂಟೆ ಮುಚ್ಚಿಟ್ಟ. ಪೂರಿಯಷ್ಟು ಲಟ್ಟಿಸಿ, ಎಣ್ಣೆ ಸವರಿ, ಒಂದರ ಮೇಲೊಂದು ಪೇರಿಸಿ ಮತ್ತೆ ಅಗಲಕ್ಕೆ ಲಟ್ಟಿಸಿದ. "ಇದು ನಮ್ಮ ಸಮೋಸ ಪಟ್ಟಿಯ ಹಾಗೇ ಅಲ್ವಾ!" ಎಂದು ಅಮ್ಮಿ ಲಟ್ಟಣಿಗೆ ಕಿತ್ತುಕೊಂಡರು. ನಮ್ಮ ಪಟ್ಟಿಯನ್ನು ಕಾವಲಿಯಲ್ಲಿ ಬಿಸಿ ಮಾಡಿ ಬಿಡಿಸುತ್ತೇವೆ. ಇದು ಓವನ್ನಿನಲ್ಲಿ ತಾನೇ ಪದರ ಬಿಡುತ್ತದೆ. ಒಂದು ಹಾಳೆ ಕೆಳಗೆ, ನಡುವೆ ಸೊಪ್ಪು, ಇನ್ನೊಂದು ಮೇಲೆ. ಬೇಯಿಸುವ ಮೊದಲೇ ಮೇಲಿನ ಹಾಳೆಗೆ ಚಾಕುವಿನಿಂದ ಗೆರೆ ಎಳೆಯಬೇಕು, ಇಲ್ಲವಾದರೆ ಆಮೇಲೆ ಕತ್ತರಿಸುವಾಗ ಪುಡಿಯಾಗುತ್ತದೆ. ಪಕ್ಕದ ಮನೆಯ ಓವನ್ ತಂದು 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟೆವು.

ಅಷ್ಟರಲ್ಲಿ ಜೊತೆಗೆ ತಿನ್ನಲು ಜಜೀಕಿ ಮಾಡಿದೆವು. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರಿಗೆ ತುರಿದು ಹಿಂಡಿದ ಸೌತೆಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಟೊಮೆಟೊ, ಸೌತೆ, ಈರುಳ್ಳಿ ದಪ್ಪಗೆ ಹೆಚ್ಚಿದ ಸಲಾಡ್. ಉತ್ತರ ಗ್ರೀಸಿನ ಎಪಿರಸ್ ಕಡೆ ಇಂಥ ತಿಂಡಿಗೆ ಹುಳಿ ಮಜ್ಜಿಗೆ ಕುಡಿಯುತ್ತಾರಂತೆ. ನಮ್ಮ ಮನೆಯಲ್ಲಿ ಮಜ್ಜಿಗೆಗೇನು ಕೊರತೆ? ಅಲ್ಲಿನ ಕ್ರೈಸ್ತರು ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ಮೊಟ್ಟೆ, ಚೀಸ್ ಬಿಟ್ಟು ಬರೀ ಸೊಪ್ಪಿನಿಂದ ಇದನ್ನು ಮಾಡುತ್ತಾರೆ ಎಂದೂ ಭಾಯಿ ಹೇಳಿದ.

ಟ್ರೇ ಹೊರಗೆ ತೆಗೆಯುವಾಗ ಅವನ ತೋಳಿನ ಬಟ್ಟೆ ಮೇಲೆ ಸರಿಯಿತು. ಮೊಣಕೈವರೆಗೂ ಸುಟ್ಟ ಗೆರೆಗಳು. ಕೆಲವು ಹಳೆಯವು, ಕೆಲವು ಹೊಸವು. ಅಮ್ಮಿ ಅವನ ಕೈ ಹಿಡಿದುಕೊಂಡರು.

"ಲೆಕ್ಕ ಬರೆಯೋನ ಕೈ ಹೀಗಿರುತ್ತಾ, ಬೇಟಾ?"

ಭಾಯಿ ತಲೆ ತಗ್ಗಿಸಿದ. ಮೊದಲ ವರ್ಷ ಪಾತ್ರೆ ತೊಳೆದದ್ದು, ಎರಡನೇ ವರ್ಷ ತರಕಾರಿ ಹೆಚ್ಚಿದ್ದು, ಈಗ ಓವನ್ ಮುಂದೆ ನಿಲ್ಲುವುದು, ಎಲ್ಲ ಹೇಳಿದ. "ಗೊತ್ತಾದರೆ ನಿಮಗೆ ನಾಲ್ಕು ಜನರ ಮುಂದೆ ಸಣ್ಣತನ ಆಗುತ್ತೆ ಅಂತ ಮುಚ್ಚಿಟ್ಟೆ" ಎಂದ. ನಾನು ನನ್ನ ಪುಸ್ತಕದ ಚೀಲದ ಕಡೆ ನೋಡಿದೆ. ಅದನ್ನೂ ಅವನ ದುಡ್ಡಿನಲ್ಲೇ ಕೊಂಡದ್ದು.

ಅಮ್ಮಿ ಏನೂ ಹೇಳಲಿಲ್ಲ. ಅಜಾನ್ ಆಯಿತು. ಖರ್ಜೂರ, ನೀರು ತೆಗೆದುಕೊಂಡು ಮೊದಲ ತುಂಡನ್ನು ಅವರೇ ಬಾಯಿಗಿಟ್ಟರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

"ಉಪ್ಪು ಸರಿಯಾಗಿದೆ" ಎಂದರು.

ಓವನ್ ಹಿಂದಿರುಗಿಸಲು ಹೋದಾಗ ಒಂದು ತಟ್ಟೆ ಸ್ಪನಕೋಪಿಟಾವನ್ನೂ ಒಯ್ದರು. ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಅವರು ಹೇಳಿದ್ದು ನನಗೆ ಕೇಳಿಸಿತು: "ನನ್ನ ಮಗ ಮಾಡಿದ್ದು. ದುಬೈಯಲ್ಲಿ ಅವನ ಕೆಲಸ ಇದೇ."