ಮಂಡ್ಯ ರಸ್ತೆಯಲ್ಲಿ ನಾಲ್ಕು ತಂತಿ

ಬೆಂಗಳೂರಿನಿಂದ ಮೈಸೂರಿಗೆ ಹೋಗೋರು ಈಗ ಊರುಗಳನ್ನು ನೋಡೋದೇ ಇಲ್ಲ. 118 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಅಲ್ಲಿಂದ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಬೈಪಾಸಿನ ಆಚೆಗೆ ಸರಿದುಬಿಟ್ಟವು. ತಟ್ಟೆ ಇಡ್ಲಿ, ಬೊಂಬೆ, ವಡೆ ಬೇಕು ಅಂದ್ರೆ ಬೇಕಂತಲೇ ಇಳಿದು ಹೋಗಬೇಕು.

ನಾನು ವರ್ಷದಲ್ಲಿ ಸುಮಾರು ಮೂರು ತಿಂಗಳು ಹೀಗೆ ಇಳಿದು ಹೋಗ್ತೀನಿ. ಗಣೇಶನ ಹಬ್ಬದಿಂದ ನವೆಂಬರ್ ಕೊನೆಯ ರಾಜ್ಯೋತ್ಸವದವರೆಗೆ ಆರ್ಕೆಸ್ಟ್ರಾ ಸೀಸನ್. ವಾರದಲ್ಲಿ ಐದು ದಿನ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಮಂಡ್ಯ ಜಿಲ್ಲೆಯ ಯಾವುದಾದರೂ ಊರಿನ ಪೆಂಡಾಲಿನಲ್ಲಿ ಬೇಸ್ ಗಿಟಾರ್. ಮಳವಳ್ಳಿ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ನಡುವೆ ಗೂಗಲ್ ಮ್ಯಾಪೇ ತಡವರಿಸುವ ಹಳ್ಳಿಗಳು. ಜಿಲ್ಲೆಯನ್ನು ನಾನು ನೋಡಿದ್ದೇ ಹೀಗೆ, ಸಂಜೆ ಆರಕ್ಕೆ ಹೋಗಿ ರಾತ್ರಿ ಒಂದಕ್ಕೆ ವಾಪಸ್ ಬರುತ್ತಾ.

ನಮ್ಮದು ಹನ್ನೊಂದು ಜನರ ತಂಡ. ಇಬ್ಬರು ಕೀಬೋರ್ಡ್, ಡ್ರಮ್ಸ್, ರಿದಮ್ ಪ್ಯಾಡ್, ಢೋಲಕ್, ಲೀಡ್ ಗಿಟಾರ್, ಬೇಸ್, ಮೂವರು ಹಾಡೋರು, ನಿರೂಪಣೆ ಮಿಮಿಕ್ರಿ ಎರಡೂ ಮಾಡುವ ಒಬ್ಬರು. ಕಮಿಟಿಯವರು ಸ್ವಲ್ಪ ಹೆಚ್ಚು ಕೊಟ್ಟರೆ ಜೂನಿಯರ್ ವಿಷ್ಣುವರ್ಧನ್ ಕೂಡ ಬರ್ತಾರೆ. ಬೆಂಗಳೂರಿನವರು ಕೆಂಗೇರಿಯಲ್ಲಿ ಟೆಂಪೋ ಟ್ರಾವೆಲರ್ ಹತ್ತುತ್ತೀವಿ, ಉಳಿದವರು ದಾರಿಯಲ್ಲಿ. ಪ್ಯಾಡ್ ನುಡಿಸುವ ಹುಡುಗ ಮಾತ್ರ ರಾಮನಗರದಿಂದ ಬೈಕಿನಲ್ಲೇ ಬರೋದು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡಲ್ಲ. ಹಾಗಾಗಿ ಪ್ಯಾಡನ್ನು ಬೆನ್ನಿಗೆ ಕಟ್ಟಿಕೊಂಡು ಸರ್ವಿಸ್ ರಸ್ತೆಯ ಹಂಪುಗಳನ್ನೆಲ್ಲ ಎಣಿಸುತ್ತಾ ಬರ್ತಾನೆ. ಅವನಿಗೆ ಹಳೇ ಊರುಗಳ ಒಳದಾರಿ ಎಲ್ಲ ಬಾಯಿಪಾಠ.

ಸ್ಟೇಜ್ ಹತ್ತಿರ ಬೇಸ್ ಬ್ಯಾಗ್ ಬಿಚ್ಚಿದ ತಕ್ಷಣ ಕೇಳಿಬರುವ ಪ್ರಶ್ನೆ ಪ್ರತಿ ಊರಲ್ಲೂ ಒಂದೇ. "ಏನಣ್ಣ, ನಾಕೇ ತಂತಿ ಅವೆ? ಮಿಕ್ಕಿದ್ದೆರಡು ಕಿತ್ತೋದ್ವಾ?" ಒಂದು ಊರಿನಲ್ಲಿ ಕಮಿಟಿಯ ಹಿರಿಯರೊಬ್ಬರು, ತಂತಿ ಕಡಿಮೆ ಇದ್ದ ಮೇಲೆ ದುಡ್ಡೂ ಕಡಿಮೆ ತಗೋಬೇಕಪ್ಪ ಅಂತ ನಗಾಡಿದ್ರು. ತಮಾಷೆಗೆ ಹೇಳಿದ ಮಾತೇ. ಆದರೆ ಈ ರಸ್ತೆಯಲ್ಲಿ ಬೇಸ್ ನುಡಿಸೋರ ಕಥೆ ಇರೋದು ಆ ಮಾತಿನಲ್ಲೇ.

ಬೇಸ್ ಗಿಟಾರ್ ಬಹಳ ಹಳೇ ವಾದ್ಯ ಏನಲ್ಲ. ಮೊದಲು ಮಂದ್ರ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಇತ್ತು, ನಿಂತುಕೊಂಡು ನುಡಿಸಬೇಕಿತ್ತು, ಸಾಗಿಸೋದೂ ಕಷ್ಟ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್ ಅದನ್ನು ಹೆಗಲಿಗೆ ಹಾಕಿಕೊಳ್ಳುವ ಹಾಗೆ ಮಾಡಿದರು. ತಂತಿಯ ಉದ್ದ 34 ಇಂಚು, ಕೆಳಗೆ ವೀಣೆಗೆ ಇರೋ ಹಾಗೆ ಮೆಟ್ಟಿಲು. ಬೆರಳು ಸರಿಯಾದ ಮನೆಯಲ್ಲಿದ್ದರೆ ಸ್ವರ ತಪ್ಪಲ್ಲ, ಅದಕ್ಕೇ ಅವರು ಇಟ್ಟ ಹೆಸರು ಪ್ರಿಸಿಷನ್ ಬೇಸ್. ಇವತ್ತಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ನನ್ನದು ನಾಲ್ಕು ಕಿಲೋ ತೂಗುತ್ತೆ, ಮೂರು ಗಂಟೆ ನಿಂತರೆ ಎಡಗಡೆ ಹೆಗಲು ಆ ನಾಲ್ಕು ಕಿಲೋನ ಲೆಕ್ಕ ಒಪ್ಪಿಸುತ್ತೆ.

ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಆ ಶಬ್ದದ ಒಂದು ಅಲೆಯ ಉದ್ದವೇ ಎಂಟು ಮೀಟರಿಗಿಂತ ಜಾಸ್ತಿ. ನನ್ನ ಬಾಡಿಗೆ ಮನೆಯ ರೂಮಿಗಿಂತ ಎರಡು ಪಟ್ಟು ಉದ್ದ! ಫೋನಿನ ಪುಟ್ಟ ಸ್ಪೀಕರಿಗೆ ಇದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಅದು ಮೇಲಿನ ಸ್ವರಾಂಶಗಳನ್ನಷ್ಟೇ ಕೊಡುತ್ತೆ, ಕೆಳಗಿನದನ್ನು ನಮ್ಮ ಮಿದುಳು ಊಹಿಸಿಕೊಳ್ಳುತ್ತೆ. ನೀವು ಇಷ್ಟಪಡೋ ಹಾಡುಗಳ ಬೇಸ್ ಅನ್ನು ಫೋನಿನಲ್ಲಿ ನೀವು ಪೂರ್ತಿ ಕೇಳೇ ಇಲ್ಲ ಅನ್ನಬಹುದು.

ಅದನ್ನು ಕೇಳಬೇಕಾದರೆ ಮೈದಾನಕ್ಕೆ ಬರಬೇಕು. ಪಬ್ಬಿನಲ್ಲಿ ಗೋಡೆಗಳಿರುತ್ತವೆ, ಬೇಸ್ ಮೂಲೆಮೂಲೆಗೆ ಹೋಗಿ ಗುಡ್ಡೆ ಬೀಳುತ್ತೆ. ಊರ ಮುಂದಿನ ಬಯಲಿನಲ್ಲಿ ಗೋಡೆಯೇ ಇಲ್ಲ. ಹಾಡೋರ ದನಿ ಸ್ಪೀಕರ್ ಎತ್ತ ಮುಖ ಮಾಡಿದೆಯೋ ಅತ್ತ ಹೋಗುತ್ತೆ. ಮಂದ್ರ ಸ್ವರ ಹಾಗಲ್ಲ, ಪೆಟ್ಟಿಗೆಯ ಸುತ್ತಲೂ ಹರಡಿಕೊಳ್ಳುತ್ತೆ. ಸ್ಟೇಜಿನ ಹಿಂದೆ ಅಡುಗೆ ಪಾತ್ರೆ ತೊಳೆಯೋರಿಗೂ ಕೇಳುತ್ತೆ, ಪಕ್ಕದ ಕಬ್ಬಿನ ಗದ್ದೆಗೂ ಹೋಗುತ್ತೆ. ಸೌಂಡ್ ಚೆಕ್ ಸಮಯದಲ್ಲಿ ಉದ್ದ ವೈರ್ ಹಾಕಿಕೊಂಡು ಜನ ನಿಲ್ಲೋ ಕಡೆ ಹೋಗಿ ನುಡಿಸಿ ನೋಡೋದು ನನಗೆ ಅಭ್ಯಾಸ. ಆ ಹೊತ್ತಿಗೆ ಆಲೆಮನೆ ನಡೀತಾ ಇದ್ರೆ ಗಾಳಿಯಲ್ಲಿ ಬಿಸಿ ಬೆಲ್ಲದ ವಾಸನೆ. 1933ರಲ್ಲೇ ಸಕ್ಕರೆ ಕಾರ್ಖಾನೆ ಶುರುವಾದ ಊರು ಮಂಡ್ಯ, ಇಲ್ಲಿ ಕಬ್ಬು ಇಲ್ಲದ ದಾರಿ ಕಡಿಮೆ.

ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮ ತಂಡದ ಹಿರಿಯ ಬೇಸ್ ವಾದಕರು. ಎಲ್ಲರೂ ಅವರನ್ನು ಅಣ್ಣ ಅಂತಾರೆ, ನಾನೂ ಹಾಗೇ ಕರೆಯೋದು. ಮಂಡ್ಯದಲ್ಲಿ ಹಗಲು ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ರಾತ್ರಿ ಈ ತಂತಿ. ಅವರ ಬೇಸ್ ಕೋಲ್ಕತ್ತಾದಲ್ಲಿ ತಯಾರಾದ ಹಳೇ ಮಾಲು, ಬಣ್ಣ ಎಲ್ಲಾ ಎದ್ದುಹೋಗಿ ಮರ ಕಾಣುತ್ತೆ. ಶಂಕರ್‌ನಾಗ್ ನಿರ್ದೇಶಿಸಿದ 'ಗೀತಾ' 1981ರಲ್ಲಿ ಬಂದಾಗ ಅವರು ಹೈಸ್ಕೂಲು. ಇಳಯರಾಜಾ ಅವರ ಆ ಹಾಡುಗಳ ಕ್ಯಾಸೆಟ್ಟನ್ನು ಸವೆಯುವಷ್ಟು ತಿರುಗಿಸಿ ತಿರುಗಿಸಿ ಬೇಸ್ ಕಲಿತರಂತೆ. "ಹಾಡೋರು ಒಂದು ರಾಗ ಹೇಳ್ತಾರೆ, ಕೆಳಗೆ ಇವನು ಇನ್ನೊಂದು ಹೇಳ್ತಾ ಇರ್ತಾನೆ. ಎರಡೂ ಜಗಳ ಆಡಲ್ಲ ನೋಡು" ಅಂತ ಇವತ್ತಿಗೂ ಹೇಳ್ತಾರೆ. ಆರ್ಕೆಸ್ಟ್ರಾದಲ್ಲಿ 'ಸಂತೋಷಕ್ಕೆ' ಇಲ್ಲದ ರಾತ್ರಿ ಇಲ್ಲ. ಅದು ಬಂದಾಗ ಅಣ್ಣ ಇದ್ರೆ ನಾನು ಸುಮ್ಮನೆ ಅವರ ಬಲಗೈ ನೋಡ್ತಾ ನಿಂತುಬಿಡ್ತೀನಿ.

ಅವರು ಮೊದಲು ಕಲಿಸಿದ್ದು ಮಾತ್ರ ಸಂಗೀತ ಅಲ್ಲ, ಕರೆಂಟು. ಗಣೇಶನ ಸೀಸನ್ ಅಂದ್ರೆ ಮಳೆ ಸೀಸನ್. ಒದ್ದೆ ಹಲಗೆ, ಜನರೇಟರ್, ಎಲ್ಲಿಂದಲೋ ಎಳೆದ ವೈರ್. ಬೇಸಿನ ತಂತಿಗಳು ಒಳಗೆ ಅರ್ತ್‌ಗೆ ಸೇರಿರುತ್ತವೆ. ಕೈ ತಂತಿಯ ಮೇಲಿದ್ದು, ಎದುರಿನ ಮೈಕ್‌ನಲ್ಲಿ ಲೀಕೇಜ್ ಇದ್ದು, ಬಾಯಿ ತಾಗಿತು ಅಂದ್ರೆ ಶಾಕ್ ಗ್ಯಾರಂಟಿ. ಹಾಗಾಗಿ ನನ್ನ ಬ್ಯಾಗಿನಲ್ಲಿ ಟ್ಯೂನರ್‌ಗಿಂತ ಮೊದಲು ಟೆಸ್ಟರ್ ಇರುತ್ತೆ. ನಮ್ಮ ಕರೆಂಟು 50 ಹರ್ಟ್ಸ್. ಬೇಸಿನ ಕೆಳ ತಂತಿಯ ಮೂರನೇ ಮನೆ 49. ಅರ್ತಿಂಗ್ ಸರಿ ಇಲ್ಲದಾಗ ಸ್ಪೀಕರಿನಲ್ಲಿ ಬರೋ ಗುಂಯ್ ಶಬ್ದ ಆ ಸ್ವರದ ಪಕ್ಕದಲ್ಲೇ ಕೂತು ಅಪಸ್ವರ ಹಾಡುತ್ತೆ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕೋರಿದ್ದಾರೆ. ಅಣ್ಣ ಅದನ್ನು ಕಂಡರೆ ಕೆಂಡ ಆಗ್ತಾರೆ. "ಶಬ್ದ ಹೋಗ್ಲಿ ಅಂತ ಜೀವ ಕಳ್ಕೊಂತೀರಾ?" ಅಂತ ಬೈದು, ತಾವೇ ಜನರೇಟರ್ ಹತ್ತಿರ ಹೋಗಿ ಕಂಬಿ ಹುಗಿದು ನೀರು ಸುರಿದು ಸರಿಮಾಡಿ ಬರ್ತಾರೆ.

ಊಟ ಪೆಂಡಾಲಿನದೇ. ಪುಳಿಯೋಗರೆ, ಕೇಸರಿಬಾತ್, ಅನ್ನ ಸಾಂಬಾರು. "ಊಟ ಮಾಡ್ದೆ ಸ್ಟೇಜ್ ಅತ್ಬೇಡಿ" ಅಂತ ಕೈ ಹಿಡಿದು ಕೂರಿಸುತ್ತಾರೆ. ಕಾರ್ಯಕ್ರಮ ಶುರುವಾದ ಮೇಲೆ ಚೀಟಿಗಳು ಬರ್ತವೆ, ಯಾವ ಹಾಡು, ಯಾರ ಫ್ಯಾನ್ಸ್ ಕಡೆಯಿಂದ ಅಂತ. ಹಾಡೋರ ಗಂಟಲು ಕೆಟ್ಟಿದ್ದರೆ ಬೆರಳು ತೋರಿಸಿ ಶ್ರುತಿ ಒಂದು ಮನೆ ಇಳಿಸು ಅಂತಾರೆ, ಹಾಡು ಶುರುವಾಗೋಕೆ ಎರಡು ಸೆಕೆಂಡ್ ಇರುವಾಗ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಕ್ಕೆ ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರ್ಕಾರ 12ರವರೆಗೆ ಸಡಿಲಿಸಬಹುದು. ಒಂಬತ್ತೂಮುಕ್ಕಾಲಕ್ಕೆ ಜೀಪ್ ಬಂದು ನಿಂತಾಗ "ಒಂದೇ ಒಂದು ಹಾಕ್ರಣ್ಣ" ಅನ್ನೋ ಕೂಗು ಒಂದು ಕಡೆ, ಪೊಲೀಸರ ವಾಚು ಇನ್ನೊಂದು ಕಡೆ. ಮೂರು ಹಾಡಿನ ಪಲ್ಲವಿಗಳನ್ನು ಹೊಲಿದು ಒಂದು ಮಾಡಿ ಮುಗಿಸೋದು ಆರ್ಕೆಸ್ಟ್ರಾದವರ ವಿದ್ಯೆ.

ಇನ್ನು ದುಡ್ಡಿನ ವಿಷಯ. ನಮ್ಮ ತಂಡದಲ್ಲಿ ಬೇಸ್‌ಗೆ ಒಂದು ರಾತ್ರಿಗೆ 2,500 ರೂಪಾಯಿ. ಒಂದು ಸೆಟ್ ಒಳ್ಳೆ ತಂತಿಗೂ ಹೆಚ್ಚುಕಮ್ಮಿ ಅಷ್ಟೇ. ಬೆವರಿಗೆ, ಮಳೆಗಾಲದ ತೇವಕ್ಕೆ ತಂತಿ ಬೇಗ ಸಪ್ಪೆ ಆಗುತ್ತೆ. ಅಣ್ಣ ಅವನ್ನು ಬಿಚ್ಚಿ ನೀರಿನಲ್ಲಿ ಕುದಿಸಿ, ಒರೆಸಿ, ಒಣಗಿಸಿ ಮತ್ತೆ ಹಾಕ್ತಾರೆ. ಕೊಳೆ ಬಿಟ್ಟು ಇನ್ನೊಂದು ನಾಲ್ಕು ಕಾರ್ಯಕ್ರಮ ಬರುತ್ತೆ. ನನ್ನ ಬೇಸಿಗೆ 9 ವೋಲ್ಟಿನ ಬ್ಯಾಟರಿ ಬೇರೆ ಬೇಕು, ವೈರ್ ಚುಚ್ಚಿಟ್ಟು ಮರೆತರೆ ನುಡಿಸದಿದ್ದರೂ ಅದು ಖರ್ಚಾಗ್ತಾ ಇರುತ್ತೆ. ನನಗೆ ಇದು ಖರ್ಚು. ಅವರಿಗೆ ಇದು ಮನೆ ನಡೆಸುವ ಲೆಕ್ಕದೊಳಗಿನ ಒಂದು ಸಾಲು.

ನಾನು ಸೇರಿದ ಮೊದಲ ದಿನ ದುಡ್ಡು ಬೇಡ, ನುಡಿಸೋಕೆ ಬಿಟ್ಟರೆ ಸಾಕು ಅಂದಿದ್ದೆ. ಓನರ್ ಮುಖ ಅರಳಿತ್ತು. ಅಣ್ಣ ಟೀ ಕುಡಿಯೋಕೆ ಕರೆದುಕೊಂಡು ಹೋಗಿ ಹೇಳಿದರು: "ನೋಡಪ್ಪ, ನಿನಗೆ ತಿಂಗಳಾದರೆ ಸಂಬಳ ಬರುತ್ತೆ, ಸಂತೋಷ. ನೀನು ಪುಕ್ಸಟ್ಟೆ ನುಡಿಸಿದರೆ ನಾಳೆ ನನ್ನನ್ನೂ ಪುಕ್ಸಟ್ಟೆ ಕರೀತಾರೆ. ರೇಟ್ ತಗೋ. ಬೇಡದಿದ್ರೆ ತಗೊಂಡು ಹುಂಡಿಗೆ ಹಾಕು. ಆದರೆ ತಗೋ." ಅವತ್ತು ರಾತ್ರಿಯೇ ಓನರ್ ಹತ್ತಿರ ಪೂರ್ತಿ ರೇಟ್ ಕೇಳಿ ತಗೊಂಡೆ.

ಈ ಮಾತಿನ ತೂಕ ಈಗ ಇನ್ನೂ ಜಾಸ್ತಿ ಆಗಿದೆ. 2020, 2021ರಲ್ಲಿ ಕೊರೊನಾದಿಂದ ಸೀಸನ್ನೇ ಹೋಯಿತು. ನಮ್ಮ ಹಾಡುಗಾರರೊಬ್ಬರು ಆಗ ಗೂಡ್ಸ್ ಆಟೋ ಹಿಡಿದವರು, ಇವತ್ತಿಗೂ ಹಗಲು ಅದನ್ನೇ ಓಡಿಸ್ತಾರೆ. ಮತ್ತೆ ಹಬ್ಬ ಶುರುವಾದಾಗ ಕಮಿಟಿಗಳಿಗೆ ಎಲ್‌ಇಡಿ ಗೋಡೆ ಬೇಕಾಯ್ತು, ಡಿಜೆ ಬೇಕಾಯ್ತು. ಒಟ್ಟು ಬಜೆಟ್ ಮಾತ್ರ ಅಷ್ಟೇ. ಕತ್ತರಿ ಬೀಳೋದು ಸ್ಟೇಜಿನ ಮೇಲಿನ ತಲೆಗಳಿಗೆ. ಮೊದಲನೇ ತಲೆ ಬೇಸಿನವನದು, ಯಾಕಂದ್ರೆ ಅವನ ಕೆಲಸವನ್ನು ಕೀಬೋರ್ಡಿನವರ ಎಡಗೈಗೆ ಕೊಡಬಹುದು, ಇಲ್ಲಾ ಲ್ಯಾಪ್‌ಟಾಪಿನ ಟ್ರ್ಯಾಕಿಗೆ.

ಹೋದ ಸೀಸನ್‌ನಲ್ಲಿ ಮದ್ದೂರು ಕಡೆಯ ಒಂದು ಊರಿನಲ್ಲಿ ಓನರ್ ಹಾಗೇ ಮಾಡಿ ನೋಡಿದರು. ಬೇಸ್ ಇಲ್ಲ, ಟ್ರ್ಯಾಕ್. ನಾನು ಅವತ್ತು ಜನರ ಮಧ್ಯೆ ನಿಂತು ಕೇಳಿದೆ. ನಿಜ ಹೇಳಬೇಕು ಅಂದ್ರೆ ಯಾರೂ ಏನೂ ಕೇಳಲಿಲ್ಲ, ಕುಣಿಯೋರು ಕುಣಿದರು. ಆದರೆ ಟ್ರ್ಯಾಕ್ ಯಾರಿಗೂ ಕಾಯಲ್ಲ. ಒಬ್ಬ ಅಜ್ಜ ಸ್ಟೇಜ್ ಹತ್ತಿ ಹಾಡೋರಿಗೆ ನೂರು ರೂಪಾಯಿ ನೋಟು ಪಿನ್ ಮಾಡೋಕೆ ಹೊರಟರು, ಪಿನ್ ಹುಡುಕುವಷ್ಟರಲ್ಲಿ ಚರಣ ಮುಂದೆ ಓಡಿತ್ತು. ಹಾಡೋರು ಅಜ್ಜನನ್ನು ಅರ್ಧಕ್ಕೇ ಬಿಟ್ಟು ಮೈಕ್ ಹಿಡಿದರು. ನಾವು ನುಡಿಸುವಾಗ ಅಜ್ಜ ಇಳಿಯೋವರೆಗೂ ಅದೇ ನಾಲ್ಕು ಸ್ವರ ಸುತ್ತುತ್ತಾ ಇರ್ತೀವಿ. ಡ್ರಮ್ಮರ್ ಕಣ್ಣು ನೋಡ್ತಾನೆ, ನಾನು ತಲೆ ಆಡಿಸ್ತೀನಿ, ಆಮೇಲೆ ಎಲ್ಲರೂ ಒಟ್ಟಿಗೆ ಮುಂದಕ್ಕೆ. ಬೇಸಿನವನು ದುಡ್ಡು ತಗೊಳ್ಳೋದು ಸ್ವರಗಳಿಗೆ ಮಾತ್ರ ಅಲ್ಲ, ಹೀಗೆ ಕಾಯೋದಕ್ಕೂ.

ಈಗ ಓನರ್ ಇಬ್ಬರು ಬೇಸ್ ವಾದಕರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳೋ ಮಾತಾಡ್ತಿದ್ದಾರೆ. "ಬ್ರದರ್, ನೀವಾದ್ರೆ ಕಾರ್ ತರ್ತೀರಾ, ದುಡ್ಡು ಎರಡು ದಿನ ತಡ ಆದ್ರೂ ಫೋನ್ ಮಾಡಲ್ಲ" ಅಂದ್ರು. ಹೊಗಳಿಕೆ ಹಾಗೆ ಕೇಳಿಸಿದರೂ ಅದು ಅಣ್ಣನ ಮೇಲಿನ ದೂರು. ಅಣ್ಣ ಫೋನ್ ಮಾಡ್ತಾರೆ, ಯಾಕಂದ್ರೆ ಅವರಿಗೆ ಆ ದುಡ್ಡು ಅವತ್ತೇ ಬೇಕು. ನಾನು ಹೇಳಿದ್ದು ಇಷ್ಟೇ: ಮಂಡ್ಯದ ಸುತ್ತಲಿನ ರಾತ್ರಿಗಳು ಮೊದಲು ಅಣ್ಣಂದು, ಅವರಿಗೆ ಆಗದಿದ್ದಾಗ ಮಾತ್ರ ನಾನು, ಅದೂ ಅದೇ 2,500ಕ್ಕೆ, ಅದೇ ರಾತ್ರಿ. ಓನರ್ ನಕ್ಕರು, ನೋಡೋಣ ಅಂದರು. ಎಲ್‌ಇಡಿ ಗೋಡೆಯ ಕೊಟೇಷನ್ ಇನ್ನೂ ಅವರ ಜೇಬಿನಲ್ಲೇ ಇದೆ.

ನಿಮ್ಮಲ್ಲೂ ಸಂಬಳದ ಕೆಲಸದ ಜೊತೆ ವಾರಾಂತ್ಯಕ್ಕೆ ತಬಲಾನೋ ಗಿಟಾರೋ ನುಡಿಸೋರು ಇರಬಹುದು. ಹೊಸ ಊರಿಗೆ ಹೋದಾಗ ಅಲ್ಲಿ ಅದೇ ಕೆಲಸದಲ್ಲಿ ಬದುಕುತ್ತಿರೋರನ್ನು ಮೊದಲು ಕೇಳಿ, ಇಲ್ಲಿ ಎಷ್ಟು ತಗೊಳ್ತೀರಾ ಅಂತ. ಅದಕ್ಕಿಂತ ಒಂದು ರೂಪಾಯಿ ಕಡಿಮೆ ತಗೋಬೇಡಿ.

ನುಡಿಸದೇ ಇರೋರು ಹಬ್ಬದ ಸೀಸನ್‌ನಲ್ಲಿ ಈ ಕಡೆ ಬಂದರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿಯಿರಿ. ಯಾವುದಾದರೂ ಊರಲ್ಲಿ ಸೀರಿಯಲ್ ಸೆಟ್ ದೀಪ ಕಂಡೇ ಕಾಣುತ್ತೆ. ಸ್ಟೇಜಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಸೌಂಡ್ ಮಿಕ್ಸರ್ ಪಕ್ಕದಲ್ಲಿ ನಿಂತರೆ ಎಲ್ಲಾ ವಾದ್ಯಗಳೂ ಸರಿಯಾಗಿ ಕೇಳಿಸುತ್ತವೆ. ಡ್ರಮ್ಮರ್ ಪಕ್ಕ ಬಣ್ಣ ಹೋದ ಬೇಸ್ ಹಿಡಿದವರು ಕಂಡರೆ ಅವರೇ ನಮ್ಮ ಅಣ್ಣ ಇರಬಹುದು. 'ಸಂತೋಷಕ್ಕೆ' ಹಾಕಿ ಅಂತ ಒಂದು ಚೀಟಿ ಕಳಿಸಿ.